ದುಡ್ಡಿಲ್ಲದ ಹರಾಜು

18 ನವೆಂಬರ್ 2024, ಸೋಮವಾರ
ಲಂಡನ್

ನಾಲ್ಕು ಗಂಟೆಗೆಲ್ಲ ಕತ್ತಲು. ಮಕ್ಕಳನ್ನು ಸ್ಕೂಲಿಂದ ಕರ್ಕೊಂಡು ಬಂದು, ಒದ್ದೆ ಜಾಕೆಟ್ಟುಗಳನ್ನು ಹೀಟರ್ ಮೇಲೆ ಹರವಿ, ಮೊದಲು ಕೌನ್ಸಿಲ್ ಪುಟ ತೆಗೆದೆ. ಕೌನ್ಸಿಲ್ ಅಂದ್ರೆ ಇಲ್ಲಿನ ನಗರಸಭೆ; ಅದರ ಕಡಿಮೆ ಬಾಡಿಗೆಯ ಮನೆಗೆ ಸಾಲಲ್ಲಿ ನಿಂತಿದ್ದೇವೆ. ಈ ವಾರದ ಮನೆಗೆ ನಮ್ಮ ಸ್ಥಾನ 31. ಬೆಳಿಗ್ಗೆ 28 ಇತ್ತು.

ತುಮಕೂರಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ. "ಈ ವಾರ ಎಷ್ಟಕ್ಕೆ ಕೂಗಿದ್ಯೇ?" ಮನೆಗೆ ಬಿಡ್ ಹಾಕೋದು ಅಂದ್ರೆ ಅವಳಿಗೆ ಚೀಟಿ ಕೂಗಿದ ಹಾಗೆ. ಚೀಟಿಯಲ್ಲಿ ಯಾರಿಗೆ ಅವಸರ ಜಾಸ್ತಿಯೋ ಅವರು ಜಾಸ್ತಿ ಬಿಟ್ಟುಕೊಟ್ಟು ಎತ್ತುತ್ತಾರೆ. ಇಲ್ಲಿ ಒಂದು ಪೈಸೆಯ ಮಾತಿಲ್ಲ. ಗುರುವಾರ ಖಾಲಿ ಮನೆಗಳ ಪಟ್ಟಿ ಬರುತ್ತದೆ. ಸೋಮವಾರ ಮಧ್ಯರಾತ್ರಿಯೊಳಗೆ ಮೂರು ಮನೆಗಳವರೆಗೆ ಬೇಕು ಅಂತ ಬಟನ್ ಒತ್ತಬಹುದು, ಅದೇ ಬಿಡ್. ನಮ್ಮ ಅವಸರ ಎಷ್ಟು ಅನ್ನೋದನ್ನು ಕೌನ್ಸಿಲ್ ಮೊದಲೇ ತೂಗಿ ಬ್ಯಾಂಡ್ ಕೊಟ್ಟಿರುತ್ತದೆ. ಎ ಬ್ಯಾಂಡಿನವರೆಲ್ಲ ಮುಂದೆ, ಆಮೇಲೆ ಬಿ. ಒಂದೇ ಬ್ಯಾಂಡಾದರೆ ಹೆಸರು ಬರೆಸಿದ ತಾರೀಖು ಹಳೇದಿದ್ದವರು ಮುಂದೆ. ನಮ್ಮದು ಬಿ, ಅಕ್ಟೋಬರ್ 2021.

ಆ ತಾರೀಖು ಸಿಗೋಕೇ ವರ್ಷಗಳು ಬೇಕಾದವು. ಕೆಲಸದ ವೀಸಾದಲ್ಲಿ ಇರೋವರೆಗೆ ಹೆಸರೇ ಬರೆಸೋ ಹಾಗಿಲ್ಲ. ಐಎಲ್‌ಆರ್, ಅಂದ್ರೆ ಇಲ್ಲೇ ಕಾಯಂ ಆಗಿ ಇರೋ ಅನುಮತಿ, ಬಂದ ಮೇಲೆ, ಇದೇ ಕೌನ್ಸಿಲ್‌ನ ಗಡಿಯೊಳಗೆ ಐದು ವರ್ಷ ಇದ್ದೇವೆ ಅಂತ ಹಳೇ ಕರೆಂಟ್ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಜೋಡಿಸಿ ಕೊಟ್ಟೆವು.

ಆಗ ಮಗಳಿಗೆ ಎಂಟು. ಹೆಣ್ಣು ಮಗು, ಗಂಡು ಮಗು ಹತ್ತು ವರ್ಷದವರೆಗೆ ಒಂದೇ ರೂಮಲ್ಲಿ ಮಲಗಬಹುದು ಅನ್ನೋದು ಇಲ್ಲಿನ ಲೆಕ್ಕ. ಅವಳಿಗೆ ಹತ್ತು ತುಂಬಿದ ದಿನ ಮನೇಲಿ ಕೇಕ್ ಕತ್ತರಿಸಿದೆವು, ಕಡತದಲ್ಲಿ ಎರಡರಿಂದ ಮೂರು ಬೆಡ್‌ರೂಮಿನ ಸಾಲಿಗೆ ಹೋದೆವು. ಖುಷಿಪಡಬೇಕಿತ್ತು, ಅಲ್ವಾ? ಎರಡು ಬೆಡ್‌ರೂಮಿನವು ವಾರಕ್ಕೆ ಏಳೆಂಟಾದರೂ ಬರುತ್ತಿದ್ದವು. ಮೂರರದ್ದು ಒಂದೋ ಎರಡೋ, ಎಷ್ಟೋ ವಾರ ಒಂದೂ ಇಲ್ಲ. ಮೂರು ಬಿಡ್ ಕೈಯಲ್ಲಿವೆ, ಹಾಕೋಕೆ ಮನೆ ಬೇಕಲ್ಲ.

ಮನೆಗಳೆಲ್ಲ ಎಲ್ಲಿ ಹೋದವು ಅಂತ ಹುಡುಕೋಕೆ ನಾನು ದೂರ ಹೋಗಬೇಕಿಲ್ಲ. 1980ರಲ್ಲಿ ಆಗಿನ ಪ್ರಧಾನಿ ಥ್ಯಾಚರ್ ಸರ್ಕಾರ ಕೌನ್ಸಿಲ್ ಮನೆಗಳನ್ನು ಅದರಲ್ಲಿ ಬಾಡಿಗೆಗಿದ್ದವರೇ ರಿಯಾಯಿತಿಯಲ್ಲಿ ಕೊಳ್ಳೋ ಹಕ್ಕಿನ ಕಾನೂನು ತಂತು. ಇಂಗ್ಲೆಂಡಲ್ಲಿ ಹಾಗೆ ಹೋದದ್ದು ಸುಮಾರು 20 ಲಕ್ಷ ಮನೆ. ಅದರಲ್ಲೊಂದು ನಾನು ಈಗ ಕೂತಿರೋ ಈ ಒಂದು ಬೆಡ್‌ರೂಮಿನ ಫ್ಲಾಟು. ಯಾರೋ ಕೊಂಡರು, ಕೈ ಬದಲಾಯಿತು, ಈಗಿನ ಓನರ್‌ಗೆ ನಾವು ತಿಂಗಳಿಗೆ 1,400 ಪೌಂಡ್ ಕಟ್ಟುತ್ತೇವೆ. ನಮ್ಮ ತಲೆ ಮೇಲಿನ ಫ್ಲಾಟು ಇನ್ನೂ ಕೌನ್ಸಿಲ್‌ದೇ. ಅದೇ ಕಿಟಕಿ, ಅದೇ ಅಡುಗೆಮನೆ, ಬೀರು ಹಿಂದೆ ಅದೇ ಕರಿ ಬೂಷ್ಟು. ಆ ಮನೆಯಾಕೆ ಕಟ್ಟೋದು ನಮ್ಮದರ ಮೂರನೇ ಒಂದು ಪಾಲು. ಹೊಟ್ಟೆಕಿಚ್ಚು ಪಡಬಾರದು ಅಂದುಕೊಳ್ತೀನಿ. ಪಡ್ತೀನಿ.

ಹೋದ ಫೆಬ್ರವರಿಯಲ್ಲಿ ಒಂದು ಮನೆಗೆ ನಾಲ್ಕನೇ ಸ್ಥಾನ ಬಂದಿತ್ತು. ಮೊದಲ ಐದು ಕುಟುಂಬಗಳನ್ನು ಒಟ್ಟಿಗೇ ನೋಡೋಕೆ ಕರೆದರು. ಕಾರ್ಪೆಟ್ ಕಿತ್ತುಹಾಕಿ ಬರೀ ಸಿಮೆಂಟ್ ನೆಲ, ಅಂಚಿಗೆ ಮೊಳೆಪಟ್ಟಿ ಹಾಗೇ ಇತ್ತು. ನಾವು ಐದೂ ಮನೆಯವರು ಒಬ್ಬರ ಮುಖ ಒಬ್ಬರು ನೋಡದೆ ಗೋಡೆ ನೋಡುತ್ತಿದ್ದೆವು. ಮಗಳು ಮಾತ್ರ ಸಣ್ಣ ರೂಮಿಗೆ ಹೋಗಿ, ಪಾದಕ್ಕೆ ಪಾದ ತಾಗಿಸಿ ಅಳೆದಳು. "ಅಮ್ಮ, ಹನ್ನೊಂದೂವರೆ. ಮಂಚ ಹಿಡಿಯತ್ತೆ." ಬೇರೆಯವರು ಕೇಳಿಸಿಕೊಂಡರೇನೋ ಅಂತ ನನಗೆ ಸುಮ್ನೆ ನಾಚಿಕೆ. ಮೊದಲನೆಯವರು ಅಲ್ಲೇ ಒಪ್ಪಿಕೊಂಡರು. ಅವರ ಜೊತೆ ವ್ಹೀಲ್‌ಚೇರಲ್ಲಿ ಒಬ್ಬ ಹುಡುಗ ಇದ್ದ. ಏನು ಹೇಳೋಕಾಗತ್ತೆ?

ಈ ವಾರದ್ದು ಐದನೇ ಮಹಡಿ, ಲಿಫ್ಟ್ ಇಲ್ಲ. ವಾರಕ್ಕೆ 148 ಪೌಂಡ್. ಫೋಟೋದಲ್ಲಿ ಕಟ್ಟಡದ ಮುಂದಿನ ಕಸದ ಡಬ್ಬಗಳೇ ಜಾಸ್ತಿ ಕಾಣುತ್ತವೆ. ನಮ್ಮತ್ತೆ ಬಂದರೆ ಮಂಡಿನೋವಲ್ಲಿ ಹತ್ತೋದು ಹೇಗೆ ಅಂತ ಯಜಮಾನರು. 31ನೇ ಸ್ಥಾನದಲ್ಲಿ ಕೂತು ಮೆಟ್ಟಿಲ ಚಿಂತೆ ಮಾಡ್ತೀರಲ್ರೀ ಅಂದೆ. ಇಬ್ಬರಿಗೂ ನಗು ಬಂತು.

ರಾತ್ರಿ ಹನ್ನೊಂದೂಮುಕ್ಕಾಲು. ಈಗ 33. ಮಗಳು ನಿದ್ದೆಯಲ್ಲಿ ಕಾಲು ಚಾಚಿ ತಮ್ಮನನ್ನು ಗೋಡೆಗೆ ಒತ್ತಿದ್ದಾಳೆ. ಎಳೆದು ಸರಿ ಮಲಗಿಸಬೇಕು.