ಖೋ ಖೋ ಹುಡುಗಿಯರು ರಗ್ಬಿ ಆಡಿದ ಮಧ್ಯಾಹ್ನ

ನಮ್ಮ ಕಡೆ ಯಾರಾದರೂ ಬಾಲ್ ಹಿಡಿದು ಓಡುವ ರಗ್ಬಿ ಆಟ ಕಲಿಸಲು ಹೊರಟರೆ ಅವರಿಗೆ ನನ್ನದು ಒಂದೇ ಮಾತು. ನಿಯಮದ ಪುಸ್ತಕ ಬಿಚ್ಚುವ ಮೊದಲು ನಿಮ್ಮ ಮಕ್ಕಳು ಇಲ್ಲಿವರೆಗೆ ಏನು ಆಡುತ್ತ ಬಂದಿದ್ದಾರೆ ನೋಡಿ. ನಾನು ಗದಗ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ನಮ್ಮ ಹುಡುಗಿಯರ ಮೈಯಲ್ಲಿ ಕಬಡ್ಡಿ, ಖೋ ಖೋ ಎರಡೂ ಮೊದಲೇ ಇಳಿದುಬಿಟ್ಟಿವೆ. ಹೊಸ ಆಟ ಬರುವುದಾದರೆ ಇವೆರಡನ್ನೂ ದಾಟಿಯೇ ಬರಬೇಕು. ಒಂದು ಎಳೆದು ನಿಲ್ಲಿಸುತ್ತದೆ, ಇನ್ನೊಂದು ಕೈಹಿಡಿದು ಕರೆದೊಯ್ಯುತ್ತದೆ. ಯಾವುದು ಏನು ಮಾಡುತ್ತದೆ ಅಂತ ನನಗೆ ತಿಳಿದದ್ದು ವಲಯ ಮಟ್ಟದ ಕ್ರೀಡಾಕೂಟದಲ್ಲಿ, ಊಟದ ಬಿಡುವಿನಲ್ಲಿ ನಡೆಸಿದ ಪ್ರದರ್ಶನ ಪಂದ್ಯದಲ್ಲಿ.

ಅದಕ್ಕೂ ಮೊದಲು ನಮಗೊಂದು ಕಾರ್ಯಾಗಾರ ಆಗಿತ್ತು. ಸ್ಕ್ರಮ್, ಲೈನ್‌ಔಟ್, ರಕ್, ಮಾಲ್ ಎಂದು, ಬಾಲಿಗಾಗಿ ಗುಂಪಾಗಿ ಸೆಣಸುವ ಬಗೆಗಳನ್ನೇ ಬೆಳಗಿನಿಂದ ಸ್ಲೈಡ್ ತೋರಿಸಿದರು, ಅದೂ ಪೂರ್ತಿ ಇಂಗ್ಲಿಷಿನಲ್ಲಿ. ಎಲ್ಲ ತಂಡಕ್ಕೆ ಹದಿನೈದು ಜನರ ರಗ್ಬಿಯದ್ದೇ. ಮೈದಾನಕ್ಕೆ ಇಳಿಸಿದ್ದು ಊಟ ಆದ ಮೇಲೆ, ಚಹಾ ಬರುವತನಕ. ಹೊರಡುವಾಗ ಶಾಲೆಗೊಂದರಂತೆ ಬಾಲ್ ಕೊಟ್ಟರು. ಅದು ಐದನೇ ಸೈಜಿನದು, ದೊಡ್ಡವರದು. ಎಂಟನೇ ಇಯತ್ತೆಯ ಹುಡುಗಿಯ ಅಂಗೈಗೆ ನಾಲ್ಕನೇ ಸೈಜ್ ಬೇಕು ಅಂತ ಕಲಿಸಲು ಬಂದವರಿಗೇ ಹೊಳೆಯದೇ ಹೋದದ್ದು ನನಗೆ ಇವತ್ತಿಗೂ ಬೇಸರ.

ಶಾಲೆಗೆ ಬಂದು ನಾನು ಏಳು ಜನರ ಟ್ಯಾಗ್ ರಗ್ಬಿ ಹಿಡಿದೆ. ಇದರಲ್ಲಿ ಟ್ಯಾಕಲ್ ಇಲ್ಲ, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವ ಹಾಗಿಲ್ಲ. ಸೊಂಟದ ಎರಡೂ ಕಡೆ ಬಟ್ಟೆಪಟ್ಟಿ ಸಿಕ್ಕಿಸಿಕೊಳ್ಳಬೇಕು, ಬಾಲ್ ಹಿಡಿದವಳ ಪಟ್ಟಿ ಕಿತ್ತರೆ ಅವಳು ತಕ್ಷಣ ಪಾಸ್ ಕೊಡಬೇಕು. ನಮ್ಮ ಮೈದಾನ ಎರಿ ಮಣ್ಣಿನದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ, ಮಳೆ ಬಿದ್ದರೆ ಕಾಲು ಕಿತ್ತಿಡಲು ಆಗುವುದಿಲ್ಲ. ಅಂಥ ನೆಲದ ಮೇಲೆ ಟ್ಯಾಕಲ್ ಮಾಡಿಸಿ ಯಾರ ಮಗಳ ಮೊಣಕೈ ಮುರಿಯಲಿ? ಪಟ್ಟಿಗಳನ್ನು ಬೆಟಗೇರಿಯ ಟೇಲರ್ ಒಬ್ಬರು ಉಳಿದ ತುಂಡುಗಳಲ್ಲೇ ಹೊಲಿದುಕೊಟ್ಟರು. ಹುಡುಗಿಯರು ಮೊದಮೊದಲು ಅವನ್ನು ಲಾಡಿಗೆ ಗಂಟು ಹಾಕಿಕೊಂಡು ಬರುತ್ತಿದ್ದರು, ಕಿತ್ತರೂ ಬರಬಾರದು ಅಂತ!

ಹೆಡ್‌ಮಾಸ್ತರು ಕೇಳಿದರು, "ಹದಿನೈದು ಮಂದಿ ಆಟ ಬಿಟ್ಟು ಏಳು ಮಂದಿದ್ಯಾಕ್ರಿ ಟೀಚರ? ಅರ್ಧಾ ಆಟ ಕಲಿಸಿದಂಗ ಆಗಂಗಿಲ್ಲೇನು?"

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಹಾಗಾಗಿ ಉತ್ತರ ಇಲ್ಲೇ ಬರೆದಿಡುತ್ತೇನೆ. ಏಳು ಜನರ ರಗ್ಬಿ ಹುಟ್ಟಿದ್ದೇ ಕೈಯಲ್ಲಿ ಹಣ ಇಲ್ಲದ ಕಾಲಕ್ಕೆ. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಸಣ್ಣ ಊರಿನ ಕ್ಲಬ್ಬಿಗೆ ಹಣ ಬೇಕಿತ್ತು. ಒಂದೇ ಮಧ್ಯಾಹ್ನದಲ್ಲಿ ಹದಿನೈದು ಜನರ ತಂಡಗಳ ಟೂರ್ನಮೆಂಟ್ ಮುಗಿಯುವುದಿಲ್ಲ. ಆಗ ಮಾಂಸದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನೆಡ್ ಹೇಗ್, ತಂಡಕ್ಕೆ ಏಳೇ ಜನ ಸಾಕು, ಆಟದ ಹೊತ್ತನ್ನೂ ಕಡಿಮೆ ಮಾಡೋಣ ಎಂಬ ದಾರಿ ಹುಡುಕಿದ. ಈಗಲೂ ಸೆವೆನ್ಸ್ ಅಂದರೆ ಏಳೇಳು ನಿಮಿಷದ ಎರಡು ಅವಧಿ. ಹಣ ಇಲ್ಲ, ಹೊತ್ತಿಲ್ಲ, ಜನ ಇಲ್ಲ. ನಮ್ಮ ಶಾಲೆಯ ಸ್ಥಿತಿ ಬೇರೆ ಏನಿದೆ? 2016ರ ರಿಯೋ ಒಲಿಂಪಿಕ್ಸಿನಲ್ಲಿ ಇದೇ ಆಟದಲ್ಲಿ ಫಿಜಿಯಂಥ ಪುಟ್ಟ ದೇಶ ಬ್ರಿಟನ್ನನ್ನು 43-7ರಿಂದ ಸೋಲಿಸಿ ಬಂಗಾರ ಗೆದ್ದಿತು. ಫಿಜಿಗೆ ಅದೇ ಮೊಟ್ಟಮೊದಲ ಒಲಿಂಪಿಕ್ ಪದಕ. ಇದು ಅರ್ಧ ಆಟವಾಗಿದ್ದರೆ ಅದು ಆಗುತ್ತಿತ್ತೇ?

ಇನ್ನು ರಗ್ಬಿ ನಮ್ಮ ದೇಶಕ್ಕೆ ಬಂದು ನೂರೈವತ್ತು ವರ್ಷ ದಾಟಿತು. 1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಪಂದ್ಯ ನಡೆಯಿತು, ಮರುವರ್ಷ ಕ್ಲಬ್ ಆಯಿತು. ಆಡುವವರೆಲ್ಲ ಬ್ರಿಟಿಷರೇ. ಕೆಲವೇ ವರ್ಷದಲ್ಲಿ ಸದಸ್ಯರು ಕರಗಿದರು, ಕ್ಲಬ್ ಮುಚ್ಚಿತು. ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿ ಇಂಗ್ಲೆಂಡಿಗೆ ಕಳಿಸಿಬಿಟ್ಟರು. 1879ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಆಡುತ್ತಿರುವುದು ಅದೇ ಕಲ್ಕತ್ತಾ ಕಪ್ಪಿಗಾಗಿ. ಅದರ ಹಿಡಿಕೆಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ಕಪ್ ಅಲ್ಲಿಗೆ ಹೋಯಿತು, ಇಲ್ಲಿನ ಊರುಗಳಿಗೆ ಆಟ ಇಳಿಯಲೇ ಇಲ್ಲ. ಇಲ್ಲಿನವರ ಕೈಗೆ ಕೊಡದ ಆಟ ಇಲ್ಲಿ ಹೇಗೆ ಉಳಿದೀತು?

ಪ್ರದರ್ಶನ ಪಂದ್ಯದ ದಿನ ಪೆಂಡಾಲಿನಡಿ ಅಧಿಕಾರಿಗಳು, ಸುತ್ತಲೂ ಆರೇಳು ಶಾಲೆಯ ಮಕ್ಕಳು, ಊರ ಜನ. ನಾನೇ ರೆಫರಿ. ಶುರುವಾಗಿ ನಿಮಿಷ ಕಳೆಯುವಷ್ಟರಲ್ಲಿ ಗದ್ದಲ ಎದ್ದಿತು.

"ಮುಂದ ಒಗಿ ಯವ್ವಾ! ಎದುರಿಗೆ ನಿಂತಾಳಲ್ಲ, ಅಕಿಗೆ ಒಗಿ!"

ರಗ್ಬಿಯಲ್ಲಿ ಕೈಯಿಂದ ಪಾಸ್ ಮುಂದಕ್ಕೆ ಕೊಡುವ ಹಾಗಿಲ್ಲ. ಓಡುವುದು ಮುಂದಕ್ಕೆ, ಎಸೆಯುವುದು ಹಿಂದಕ್ಕೆ. ಹುಡುಗಿಯರಿಗೆ ಗೊತ್ತಿತ್ತು, ಪ್ರಾಕ್ಟೀಸಿನಲ್ಲಿ ಸರಿಯಾಗಿಯೇ ಮಾಡುತ್ತಿದ್ದರು. ಆದರೆ ಅಷ್ಟು ಬಾಯಿ ಒಟ್ಟಿಗೆ ಕೂಗಿದಾಗ ಹದಿಮೂರು ವರ್ಷದ ಹುಡುಗಿ ಏನು ಮಾಡಬೇಕು? ಮುಂದಕ್ಕೇ ಎಸೆದಳು. ಸೀಟಿ ಊದಿದೆ. ಮತ್ತೆ ಶುರು, ಮತ್ತೆ ಮುಂದಕ್ಕೆ, ಮತ್ತೆ ಸೀಟಿ. ಜನ ಸಿಟ್ಟಿಗೆದ್ದರು. ಪೆಂಡಾಲಿನಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಹಿರಿಯ ಸಹೋದ್ಯೋಗಿಯೊಬ್ಬರು ಗೆರೆಯ ಹತ್ತಿರ ಬಂದು, "ಟೀಚರ, ಇದನ್ನ ಬಿಟ್ಟು ಹ್ಯಾಂಡ್‌ಬಾಲ್ ಆಡಿಸಿಬಿಡ್ರಿ, ಮಂದಿಗೆ ತಿಳೀತೈತಿ" ಅಂದರು. ನನ್ನ ಬಾಯಿ ಒಣಗಿತ್ತು. ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. ಸೀಟಿ ಊದದೇ ಬಿಟ್ಟರೆ ಆಟ ಓಡುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಅದು ರಗ್ಬಿ ಆಗುತ್ತಿರಲಿಲ್ಲ. ಊದುತ್ತಲೇ ಹೋದೆ.

ಆಗ ಒಂಬತ್ತನೇ ಇಯತ್ತೆಯ ಒಬ್ಬಳು, ನಮ್ಮ ಖೋ ಖೋ ತಂಡದವಳು, ಬಾಲ್ ಹಿಡಿದವಳ ಬೆನ್ನ ಹಿಂದೆ ಓಡುತ್ತ ಇದ್ದಕ್ಕಿದ್ದಂತೆ "ಖೋ!" ಅಂತ ಕೂಗಿದಳು. ಮುಂದಿನವಳು ತಿರುಗಿ ಕೂಡ ನೋಡದೆ ದನಿ ಬಂದ ಕಡೆ ಬಾಲ್ ಬಿಟ್ಟಳು. ಸಿಕ್ಕಿತು. ಇನ್ನೊಬ್ಬಳು ಅವಳ ಹಿಂದಿನಿಂದ "ಖೋ!" ಅಂದಳು. ಮತ್ತೆ ಸಿಕ್ಕಿತು. ನಾನು ವಾರಗಟ್ಟಲೆ "ಪಾಸ್ ಅನ್ರಿ, ರೈಟ್ ಅನ್ರಿ" ಅಂತ ಹೇಳಿಕೊಟ್ಟದ್ದು ಆ ಗದ್ದಲದಲ್ಲಿ ಯಾರಿಗೂ ನೆನಪಿರಲಿಲ್ಲ. ಬೆನ್ನ ಹಿಂದಿನಿಂದ ಬರುವ ಆ ಒಂದು ದನಿಗೆ ಇವರ ಕಿವಿ ಐದನೇ ಇಯತ್ತೆಯಿಂದ ಪಳಗಿದೆ. ಸಾವಿರ ಜನ ಕೂಗಿದರೂ ಅದು ಬೇರೆಯಾಗಿ ಕೇಳುತ್ತದೆ. ಸುತ್ತಲಿನ ಮಕ್ಕಳಿಗೂ ಆಟ ಅಲ್ಲೇ ತಿಳಿಯಿತು. "ಮುಂದ ಒಗಿ" ನಿಂತು ಎಲ್ಲ ಕಡೆಯಿಂದ "ಖೋ ಕೊಡs" ಶುರುವಾಯಿತು.

ಮುಂದಿನದು ಕಬಡ್ಡಿಯ ಪಾಠ. ನಮ್ಮ ರೇಡರ್ ಬಾಲ್ ಹಿಡಿದು ಎಲ್ಲರನ್ನೂ ತಪ್ಪಿಸಿ ಎದುರಾಳಿಯ ಕೊನೆಯ ಗೆರೆ, ಅಂದರೆ ಟ್ರೈ ಗೆರೆ ದಾಟಿದಳು. ದಾಟಿ ನಿಂತುಬಿಟ್ಟಳು! ಕಬಡ್ಡಿಯಲ್ಲಿ ಗೆರೆ ಮುಟ್ಟಿದರೆ ಕೆಲಸ ಮುಗಿಯಿತು. ರಗ್ಬಿಯಲ್ಲಿ ಬಾಲನ್ನು ನೆಲಕ್ಕೆ ಊರಿದರೇನೇ ಟ್ರೈ, ಆಗಲೇ ಅಂಕ. ಎರಡೂ ಕೈಯಲ್ಲಿ ಬಾಲ್ ಹಿಡಿದು ನಗುತ್ತ ನನ್ನ ಕಡೆ ನೋಡುತ್ತಿದ್ದಾಳೆ, ಹಿಂದಿನಿಂದ ಎದುರಾಳಿ ಪಟ್ಟಿಗೆ ಕೈಚಾಚಿ ಓಡಿ ಬರುತ್ತಿದ್ದಾಳೆ. ರೆಫರಿಯಾದ ನಾನು ಹೇಳುವಂತಿಲ್ಲ. ಕೊನೆಗೆ ಜೊತೆಯವಳೊಬ್ಬಳು "ನೆಲಕ್ಕ ಹಚ್ಚs!" ಅಂತ ಚೀರಿದಳು. ಇವಳು ಕುಕ್ಕರಿಸಿ ಬಾಲ್ ಊರಿದ್ದೂ ಅವಳು ಪಟ್ಟಿ ಕಿತ್ತದ್ದೂ ಹೆಚ್ಚುಕಡಿಮೆ ಒಟ್ಟಿಗೇ. ನಾನು ಪಕ್ಕದಲ್ಲೇ ಇದ್ದೆ, ಬಾಲ್ ಮೊದಲು ನೆಲಕ್ಕೆ ತಾಗಿತ್ತು. ಟ್ರೈ ಕೊಟ್ಟೆ. ಎದುರು ತಂಡದ ಶಾಲೆಯ ಸರ್ ವಾದಕ್ಕೆ ಬಂದರು, ನಿಮ್ಮ ಶಾಲೆಯ ಹುಡುಗಿ ಅಂತ ಕೊಟ್ಟಿರಿ ಅಂದರು. ಕಂಡದ್ದನ್ನೇ ಕೊಟ್ಟಿದ್ದೇನೆ ಅಂತ ಹೇಳಿ ಆಟ ಮುಂದುವರಿಸಿದೆ.

ಈಗ ನನ್ನ ಪಿ.ಇ. ಪೀರಿಯಡ್ಡಿನಲ್ಲಿ ರಗ್ಬಿ ಶುರುವಾಗುವುದು ಬಾಲ್ ಇಲ್ಲದೆ. ಸಾಲಾಗಿ ಓಡುತ್ತ ಹಿಂದಿನವಳು ಖೋ ಕೊಡಬೇಕು, ಮುಂದಿನವಳು ಬರಿಗೈ ಹಿಂದಕ್ಕೆ ಬೀಸಬೇಕು. ಕಬಡ್ಡಿ ಹುಡುಗಿಯರಿಗೆ ಬೇರೆ ಅಭ್ಯಾಸ: ಗೆರೆ ದಾಟು, ಕೂರು, ಊರು. ಅವರ ಮೈ ತಿರುಗಿಸುವ ಚಾಕಚಕ್ಯತೆ ಯಾರಿಗೂ ಇಲ್ಲ, ಅದನ್ನು ಮುಟ್ಟಲು ಹೋಗುವುದಿಲ್ಲ.

ಒಂದಿಬ್ಬರು ಸಹೋದ್ಯೋಗಿಗಳು "ಇನ್ನ ಖರೇ ಟ್ಯಾಕಲ್ ಶುರು ಮಾಡ್ರಿ" ಅನ್ನುತ್ತಿದ್ದಾರೆ. ಮೆತ್ತನೆಯ ನೆಲ, ಬಿದ್ದವರನ್ನು ನೋಡಿಕೊಳ್ಳಲು ತಿಳಿದ ಒಬ್ಬರು, ಇವೆರಡು ಇಲ್ಲದೆ ನಾನು ಮಾಡಿಸುವುದಿಲ್ಲ. ಮೇಲಿನವರಿಗೆ ಅರ್ಜಿ ಬರೆದಿದ್ದೇನೆ: ನಾಲ್ಕನೇ ಸೈಜಿನ ಬಾಲ್ ಕೊಡಿ, ಮುಂದಿನ ಕಾರ್ಯಾಗಾರವನ್ನು ಕನ್ನಡದಲ್ಲಿ ಮೈದಾನದಲ್ಲೇ ನಡೆಸಿ, ಶಿಕ್ಷಕರ ಜೊತೆ ಪ್ರತಿ ಶಾಲೆಯಿಂದ ಇಬ್ಬರು ಖೋ ಖೋ ಹುಡುಗಿಯರನ್ನೂ ಕರೆಯಿರಿ.