ಕೊಸೆಯ್ ಇನೊಯೆ: ಕುಸ್ತಿ ಊರಿನವರು ನೋಡಬೇಕಾದ ಜೂಡೊ ಕೋಚ್

ಗರಡಿಯಲ್ಲಿ ಬೆಳೆದ ಹುಡುಗರು ಜೂಡೊ ಕಡೆ ತಿರುಗಿದರೆ ಸಾಮಾನ್ಯವಾಗಿ ಮೊದಲು ಹುಡುಕುವುದು ಜಪಾನಿನ ಕೊಸೆಯ್ ಇನೊಯೆಯ ವಿಡಿಯೊ. ನೋಡಬೇಕಾದ್ದೇ. ಆದರೆ ದುರ್ಗಮ್ಮನ ಜಾತ್ರೆಗೆ ಕುಸ್ತಿ ಇಡುವ ದಾವಣಗೆರೆಯಂಥ ಊರಿಗೆ ಅವರ ಪಟ್ಟುಗಳಿಗಿಂತ ಅವರು ಕೋಚ್ ಆಗಿ ಮಾಡಿದ ಕೆಲಸವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹುಟ್ಟಿದ್ದು 1978ರಲ್ಲಿ, ಮಿಯಾಜಾಕಿಯಲ್ಲಿ. 1999, 2001, 2003ರಲ್ಲಿ ವಿಶ್ವ ಚಾಂಪಿಯನ್. 2000ರ ಸಿಡ್ನಿ ಒಲಿಂಪಿಕ್ಸ್‌ನ 100 ಕೆ.ಜಿ. ವಿಭಾಗದಲ್ಲಿ ಎಲ್ಲ ಆಟಗಳನ್ನೂ ಇಪ್ಪೊನ್‌ನಲ್ಲೇ, ಅಂದರೆ ಅಲ್ಲಿಗೇ ಆಟ ಮುಗಿಸುವ ಪೂರ್ಣ ಅಂಕದಲ್ಲೇ, ಗೆದ್ದರು. ಫೈನಲ್‌ನಲ್ಲಿ ಕೆನಡಾದ ನಿಕೊಲಾ ಗಿಲ್ ಉಚಿಮಾತಾಗೆ, ಅಂದರೆ ಒಳತೊಡೆಗೆ ಕಾಲು ಕೊಟ್ಟು ಎಸೆಯುವ ಪಟ್ಟಿಗೆ, ಸಿಕ್ಕಿ ಚಿತ್ ಆದರು. ಹಿಂದಿನ ವರ್ಷ ತೀರಿಕೊಂಡಿದ್ದ ತಾಯಿಯ ಫೋಟೊ ಹಿಡಿದು ಇನೊಯೆ ಪದಕದ ವೇದಿಕೆ ಹತ್ತಿದರು.

ಉಚಿಮಾತಾದಲ್ಲಿ ಕಣ್ಣಿಗೆ ಬೀಳುವುದು ಮೇಲೇಳುವ ಕಾಲು. ಕೆಲಸ ಮಾಡುವುದು ಎಡಗೈ. ಬಲಗೈ ಎದುರಾಳಿಯ ಕೊರಳಪಟ್ಟಿ ಮೇಲೆ, ಎಡಗೈ ಅವನ ಬಲಮೊಣಕೈ ಹತ್ತಿರದ ತೋಳಬಟ್ಟೆ ಮೇಲೆ. ಕೈಗಡಿಯಾರ ನೋಡಿಕೊಳ್ಳುವ ಹಾಗೆ ಎಡಗೈಯನ್ನು ಕಣ್ಣಿನ ಮಟ್ಟಕ್ಕೆ ಎಳೆದಾಗ ಅವನ ಭಾರ ಹಿಮ್ಮಡಿ ಬಿಟ್ಟು ಕಾಲ್ಬೆರಳಿಗೆ ಬರುತ್ತದೆ. ಆಗ ಬಲಗಾಲನ್ನು ಅವನ ಎರಡು ಪಾದಗಳ ನಡುವೆ ಇಟ್ಟು, ಎಡಗಾಲನ್ನು ತಿರುಗಿಸಿ ಅದರ ಹಿಂದಕ್ಕೆ ತಂದು, ಮೈ ಅವನೆದೆಗೆ ಅಂಟಿದ ಮೇಲೆ ಬಲತೊಡೆಯ ಹಿಂಭಾಗದಿಂದ ಅವನ ಎಡತೊಡೆಯ ಒಳಮೈಯನ್ನು ಮೇಲಕ್ಕೆ ಗುಡಿಸಬೇಕು. ಎಡಗೈ ಸೊಂಟದ ಕಡೆ ಇಳಿದರೆ ಅವನು ಅಲ್ಲೇ ಕೂತುಬಿಡುತ್ತಾನೆ. ಸೊಂಟ ತಿರುಗುವ ಮೊದಲೇ ಕಾಲೆತ್ತಿದರೆ ಏಟು ಜನನಾಂಗಕ್ಕೆ ಬೀಳುತ್ತದೆ, ಇಲ್ಲವೇ ಅವನು ಕಾಲು ತಪ್ಪಿಸಿ ನಿಮ್ಮನ್ನೇ ಕೆಡವುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದು, ಬಲ ಸಾಲದೆ ತಲೆಯನ್ನು ಮ್ಯಾಟ್‌ಗೆ ಊರಿ ಧುಮುಕುವುದು. ಅದಕ್ಕೆ ನೇರ ಅನರ್ಹತೆ; ಕತ್ತಿನ ಮೂಳೆಯ ಪ್ರಶ್ನೆ ಅದು.

2004ರ ಅಥೆನ್ಸ್‌ಗೆ ಜಪಾನ್ ತಂಡದ ನಾಯಕರಾಗಿ ಹೋದ ಇನೊಯೆ ಕ್ವಾರ್ಟರ್ ಫೈನಲ್‌ನಲ್ಲಿ ಸೋತರು, ಸೋತವರಿಗೆ ಕಂಚಿನ ದಾರಿ ತೆರೆಯುವ ರೆಪೆಶಾಜ್ ಸುತ್ತಿನಲ್ಲೂ ಸೋತರು, ಪದಕವಿಲ್ಲದೆ ಮರಳಿದರು. 2005ರಲ್ಲಿ ಎದೆಯ ಸ್ನಾಯು ಹರಿಯಿತು. ತೂಕ ಏರಿಸಿಕೊಂಡು 2007ರ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದರೆ ಎದುರಿಗೆ ಫ್ರಾನ್ಸಿನ 18ರ ಹುಡುಗ ಟೆಡ್ಡಿ ರಿನೆರ್, ಅಲ್ಲೂ ಸೋಲು. 2008ರಲ್ಲಿ ನಿವೃತ್ತಿ, ಆಮೇಲೆ ಬ್ರಿಟನ್ನಿನಲ್ಲಿ ಕೋಚಿಂಗ್ ಕಲಿಕೆ.

2012ರ ಲಂಡನ್‌ನಲ್ಲಿ ಜಪಾನ್ ಪುರುಷರಿಗೆ ಒಂದೂ ಚಿನ್ನ ಬರಲಿಲ್ಲ. ಜೂಡೊ ಹುಟ್ಟಿದ ದೇಶಕ್ಕೆ ಅದು ಮೊದಲ ಸಲ. ಆ ವರ್ಷದ ಕೊನೆಗೆ 34ರ ಇನೊಯೆಗೆ ಪುರುಷರ ತಂಡ ಒಪ್ಪಿಸಿದರು. ಗಂಟೆಗಟ್ಟಲೆ ಬೆವರಿಳಿಸುವುದೇ ತಾಲೀಮು ಎಂಬ ನಂಬಿಕೆಗೆ ಅವರು ಮೊದಲು ಕೈ ಹಾಕಿದರು. ದೇಹದಾರ್ಢ್ಯ ಬಲ್ಲ ತಜ್ಞರನ್ನು ತಂದು ಭಾರ ಎತ್ತಿಸಿದರು. ರಷ್ಯಾದ ಕುಸ್ತಿಯಾದ ಸ್ಯಾಂಬೊ, ಬ್ರೆಜಿಲ್‌ನ ಜುಜಿತ್ಸು, ಒಕಿನಾವಾದ ಕುಸ್ತಿಯ ರುಚಿ ತೋರಿಸಿದರು; ಜಾರ್ಜಿಯಾ, ಮಂಗೋಲಿಯಾದವರು ತಮ್ಮ ನಾಡಕುಸ್ತಿಯ ಹಿಡಿತ ತಂದು ಜಪಾನಿಗರನ್ನು ಕಾಡುತ್ತಿದ್ದರಲ್ಲ, ಅದಕ್ಕೆ ಉತ್ತರ ಇದು. ಎದುರಾಳಿ ಯಾವ ಹಿಡಿತದಿಂದ ಎಸೆಯುತ್ತಾನೆ ಎಂಬುದನ್ನು ಗೊಜಿರಾ ಎಂಬ ವಿಡಿಯೊ ವಿಶ್ಲೇಷಣೆಯ ವ್ಯವಸ್ಥೆ ಎತ್ತಿ ಕೊಡುತ್ತಿತ್ತು. 2016ರ ರಿಯೊದಲ್ಲಿ ಏಳು ತೂಕಕ್ಕೂ ಪದಕ: 2 ಚಿನ್ನ, 1 ಬೆಳ್ಳಿ, 4 ಕಂಚು. ಟೋಕಿಯೊದಲ್ಲಿ 5 ಚಿನ್ನ. ಟೋಕಿಯೊ ತಂಡ ಪ್ರಕಟಿಸುವ ದಿನ ಆಯ್ಕೆಯಾಗದವರನ್ನು ನೆನೆದು ಎಲ್ಲರೆದುರು ಕಣ್ಣೀರು ಹಾಕಿದವರೂ ಇವರೇ. ನನಗೆ ಆ ಪದಕಗಳಷ್ಟೇ ದೊಡ್ಡದಾಗಿ ಕಾಣುವುದು ಅದು.

ಈಗ ನಮ್ಮ ಹುಡುಗರ ವಿಷಯ. ನಾಡಕುಸ್ತಿಯನ್ನು ಜಪಾನಿನ ಕೋಚ್ ಹುಡುಕಿಕೊಂಡು ಹೋಗಿರುವಾಗ, ಗರಡಿಯಲ್ಲಿ ಕಲಿತದ್ದನ್ನೆಲ್ಲ ಮರೆತು ಬಾ ಎನ್ನುವುದು ದಡ್ಡತನ. ಹೆಗಲ ಮೇಲಿಂದ ಎಸೆಯುವ ಧೋಬಿ ಪಟ್ಟು ಬಲ್ಲವನಿಗೆ ಜೂಡೊದ ಹೆಗಲೆಸೆತ ಸೆಯೊಇ ನಾಗೆ ಅರ್ಧ ಬಂದಂತೆಯೇ. ಸೊಂಟದ ಮೇಲಿಂದ ಎಸೆಯುವ ಢಾಕ್ ಹೊಡೆಯುವವನ ಸೊಂಟ ಆಗಲೇ ಪಳಗಿರುತ್ತದೆ. ಬಿಡಬೇಕಾದ್ದು ಎರಡೇ. ಕಲಾಜಂಗ್‌ನಂತೆ ಕಾಲಿಗೆ ಕೈ ಹಾಕುವುದು: 2010ರಿಂದ ಬಿಗಿಯಾದ ನಿಯಮ 2013ಕ್ಕೆ ನಿಂತ ಆಟದಲ್ಲಿ ಪೂರ್ತಿ ನಿಷೇಧವಾಯಿತು. ಈಗ ಅದಕ್ಕೊಂದು ಶಿಡೊ (ದಂಡದ ಎಚ್ಚರಿಕೆ), ಮೂರು ಶಿಡೊ ಆದರೆ ಆಟ ಹೋಯಿತು. ಎರಡನೆಯದು, ಬೀಳುವಾಗ ತಲೆ, ಹಿಮ್ಮಡಿ ಊರಿ ಬೆನ್ನು ಕಮಾನು ಮಾಡುವುದು. ಕುಸ್ತಿಯಲ್ಲಿ ಅದು ಚಿತ್ ಆಗದಂತೆ ಕಾಯುತ್ತದೆ; ಜೂಡೊದಲ್ಲಿ ಹಾಗೆ ಬಿದ್ದರೂ ಇಪ್ಪೊನ್. ಕತ್ತು ಮುರಿದುಕೊಳ್ಳಬಾರದೆಂದೇ ಈ ನಿಯಮ. ಹಾಗಾಗಿ ಎಸೆತಕ್ಕಿಂತ ಮೊದಲು ಬೀಳುವುದನ್ನು ಕಲಿಸಬೇಕು: ಗಲ್ಲ ಎದೆಗೆ, ಅಂಗೈ ಕೆಳಗೆ, ತೋಳು ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ ಮ್ಯಾಟ್‌ಗೆ ಬಡಿಯಬೇಕು. ಅಂಗೈಯನ್ನು ನೆಟ್ಟಗೆ ಊರಿದರೆ ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ.

ಜೊತೆಗಾರ ಸಿಗದ ದಿನ ಹಳೇ ಸೈಕಲ್ ಟ್ಯೂಬನ್ನು ಕಂಬಕ್ಕೆ ಎದೆ ಎತ್ತರದಲ್ಲಿ ಕಟ್ಟಿ, ಎರಡೂ ತುದಿ ಹಿಡಿದು ತಿರುಗುವ ಅಭ್ಯಾಸ ಮಾಡಬಹುದು. ತೀರಾ ಬಿಗಿ ಟ್ಯೂಬ್ ಆದರೆ ತೋಳಷ್ಟೇ ದುಡಿದು ಹೆಜ್ಜೆ ಕೆಡುತ್ತದೆ. ಲಂಗೋಟಿಯಲ್ಲೇ ಆಡಿದವರಿಗೆ ಬಟ್ಟೆಯ ಹಿಡಿತ ಹೊಸದು. ಕಂಬಿಗೆ ಹಳೆಯ ಜೂಡೊ ಅಂಗಿ ನೇತುಹಾಕಿ, ಅದರ ಕೊರಳಪಟ್ಟಿ ಹಿಡಿದು ಮೈ ಎತ್ತಿಸಿ. ಬೆರಳ ಗೆಣ್ಣು ಊದಿದರೆ ತೆಳುವಾಗಿ ಟೇಪ್ ಸುತ್ತಿ; ದಪ್ಪ ಸುತ್ತಿದರೆ ಬೆರಳು ಮಡಚುವುದಿಲ್ಲ, ಬಟ್ಟೆ ಜಾರುತ್ತದೆ.