ವರಂಗಕ್ಕೆ ಹೋದರೆ ಕೆರೆಯ ಜೊತೆ ಊರನ್ನೂ ನೋಡಿ ಬನ್ನಿ

ಉಡುಪಿ ಜಿಲ್ಲೆಯ ಹೆಬ್ರಿ ಬಳಿಯ ವರಂಗಕ್ಕೆ ಬರುವ ಹೆಚ್ಚಿನವರು ದೋಣಿಯೇರಿ, ಕೆರೆಯ ನಡುವಿನ ಜೈನ ದೇಗುಲವಾದ ಕೆರೆ ಬಸದಿ ನೋಡಿ, ನಾಲ್ಕು ಫೋಟೋ ತೆಗೆದು, ಆಗುಂಬೆಯ ದಾರಿ ಹಿಡಿಯುತ್ತಾರೆ. ನನ್ನ ಮಾತು ಕೇಳುವುದಾದರೆ ಅರ್ಧ ದಿನವನ್ನಾದರೂ ಈ ಊರಿಗೆಂದೇ ಎತ್ತಿಡಿ.

ಉಡುಪಿಯಿಂದ ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿಗೆ ಬಂದು ಕಾರ್ಕಳದ ರಸ್ತೆಗೆ ತಿರುಗಬೇಕು. ಕಾರ್ಕಳದಿಂದ ಬರುವವರು ಅಜೆಕಾರು, ಮುನಿಯಾಲು ಮಾರ್ಗ ಹಿಡಿಯಲಿ. ಊಟವನ್ನು ಹೆಬ್ರಿಯಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಬೇಗ ತಲುಪಿದರೆ ದೋಣಿಗೆ ಕಾಯುವ ತಾಪತ್ರಯವೂ ಕಡಿಮೆ.

ಮೊದಲು ಕೆರೆಗೆ ಓಡಬೇಡಿ. ನೇಮಿನಾಥ ಸ್ವಾಮಿಯ ಹಿರೇ ಬಸದಿಯಿಂದ ಆರಂಭಿಸಿ. ವಿಜಯನಗರದ ಇಮ್ಮಡಿ ದೇವರಾಯ 1424ರಲ್ಲಿ ವರಂಗ ಗ್ರಾಮವನ್ನೇ ಈ ಬಸದಿಗೆ ದತ್ತಿಯಾಗಿ ಬಿಟ್ಟ. ದತ್ತಿಯೆಂದರೆ ಗ್ರಾಮದ ಹುಟ್ಟುವಳಿ ದೇವರ ಪೂಜೆಗೆ. ಆ ಹುಟ್ಟುವಳಿ ಬರಬೇಕಾದರೆ ಗದ್ದೆ ಬೇಕು, ಗದ್ದೆಗೆ ನೀರು ಬೇಕು, ದುಡಿಯುವ ಒಕ್ಕಲು ಬೇಕು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದರೆ ಊರು ಬೇರೆಯೇ ಆಗಿ ಕಾಣುತ್ತದೆ.

ಇಲ್ಲಿ ಸಾಲು ಮನೆಗಳ ಬೀದಿ ಹುಡುಕಬೇಡಿ. ತುಳುನಾಡಿನಲ್ಲಿ ಗದ್ದೆ ಇದ್ದಲ್ಲಿ ಮನೆ. ತಗ್ಗಿನಲ್ಲಿ ನೀರು ನಿಲ್ಲುವ ಬೈಲು ಗದ್ದೆ, ಅದರ ಮೇಲೆ ಮಜಲು, ಇನ್ನೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟು ಗದ್ದೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಯ ಭಾಗ್ಯ ಬೈಲಿಗೆ ಮಾತ್ರ. 1974ರ ಭೂಸುಧಾರಣೆಯ ನಂತರ ಈ ಜಿಲ್ಲೆಯ ಸಾವಿರಾರು ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಎಷ್ಟೋ ಕಡೆ ಗದ್ದೆಗಳು ಅಡಿಕೆ ತೋಟಗಳಾದವು. ಕರಾವಳಿಯ ಯಾವುದೇ ಊರು ಬೆಳೆದ ಬಗೆಯನ್ನು ತಿಳಿಯಲು ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಇಷ್ಟಾದ ಮೇಲೆ ದೋಣಿ. ಹುಟ್ಟು ನೀರಿಗಿಳಿದಾಗ ತಾವರೆ ಎಲೆಗಳು ಬದಿಗೆ ಸರಿದು, ದೋಣಿ ದಾಟಿದ ಕೂಡಲೇ ಮತ್ತೆ ಕೂಡಿಕೊಳ್ಳುತ್ತವೆ. ಮಕ್ಕಳನ್ನು ನಡುವೆ ಕೂರಿಸಿ, ಯಾರೂ ಎದ್ದು ನಿಲ್ಲಬೇಡಿ. ಬಸದಿಯೊಳಗೆ ನಾಲ್ಕು ದಿಕ್ಕಿಗೂ ಮುಖ ಮಾಡಿದ ತೀರ್ಥಂಕರರಿದ್ದಾರೆ. ಪದ್ಮಾವತಿ ಅಮ್ಮನಿಗೆ ಹರಕೆ ಹೊತ್ತು ಬರುವವರು ಬಹಳ. ಅವರ ಪೂಜೆಗೆ ಅಡ್ಡವಾಗಿ ಮೊಬೈಲ್ ಹಿಡಿಯಬೇಡಿ.

ಜೋರು ಮಳೆಯ ದಿನಗಳನ್ನು ಬಿಟ್ಟು, ಮಳೆ ಇಳಿದ ಮೇಲಿನ ತಿಂಗಳುಗಳಲ್ಲಿ ಹೋಗಿ. ಕೆರೆ ತುಂಬಿರುತ್ತದೆ, ಗದ್ದೆ ಹಸಿರಾಗಿರುತ್ತದೆ. ಮರಳುವಾಗ ಕಾರ್ಕಳದ ಮೇಲೆ ಬಂದರೆ 1586ರ ಚತುರ್ಮುಖ ಬಸದಿಯನ್ನೂ ಅದೇ ದಿನ ನೋಡಬಹುದು.